ಫ್ಯಾನ್ ಹಾಕಿದ್ದು ಯಾರು?

ಹೂವಿನ ಫೋಟೋ ತೆಗೆಯಬೇಕಾದರೆ ಹೂವು ಅಲ್ಲಾಡದೆ ನಿಲ್ಲಬೇಕು. ಅಷ್ಟೇ ಷರತ್ತು. ಈ ಷರತ್ತು ಇಟ್ಟುಕೊಂಡು ನಾನು ಚಿತ್ರದುರ್ಗದಲ್ಲಿ ಬಾಳುವೆ ಮಾಡುತ್ತಿದ್ದೇನೆ. ಹೆದ್ದಾರಿಯಲ್ಲಿ ನಮ್ಮೂರು ದಾಟಿದವರಿಗೆಲ್ಲ ಗೊತ್ತು, ಗುಡ್ಡಗಳ ಮೇಲೆ ಸಾಲಾಗಿ ಬಿಳಿ ಗಾಳಿಯಂತ್ರಗಳು ನಿಂತಿವೆ. ಕೋಟಿಗಟ್ಟಲೆ ಸುರಿದು ಅವನ್ನು ನಿಲ್ಲಿಸಿದವರೇನು ದಡ್ಡರಲ್ಲ. ಗಾಳಿ ಎಲ್ಲಿ ಜಾಸ್ತಿ ಅಂತ ಅಳೆದು ನೋಡಿಯೇ ಇಲ್ಲಿಗೆ ಬಂದವರು. ನಾನೂ ವಿಚಾರಿಸಿಕೊಂಡು ಬರಬಹುದಿತ್ತು, ಆದರೆ ನಾನು ಹುಟ್ಟಿದ್ದೇ ಇಲ್ಲಿ.

ನಾನು ತೆಗೆಯುವ ಮ್ಯಾಕ್ರೋ ಫೋಟೋ ಅಂದರೆ ಗುಲಾಬಿ ಪಕ್ಕ ನಿಂತು ಹಲ್ಲು ಕಿರಿಯುವ ಫೋಟೋ ಅಲ್ಲ. ಒಂದು ಸೆಂಟಿಮೀಟರಿನ ಹೂವು ಕ್ಯಾಮೆರಾದೊಳಗೆ ಚಿತ್ರ ಮೂಡುವ ಸೆನ್ಸರ್ ಮೇಲೂ ಒಂದು ಸೆಂಟಿಮೀಟರ್ ಆಗಿಯೇ ಬೀಳಬೇಕು. ಅದಕ್ಕೇ ಒಂದಕ್ಕೊಂದು ಅನ್ನುತ್ತಾರೆ. ಅಷ್ಟು ಹತ್ತಿರ ಹೋದಾಗ ಲೆನ್ಸಿನ ಬೆಳಕಿನ ಕಿಂಡಿಯನ್ನು ಎಫ್ 8 ಅನ್ನುವ ಅಳತೆಗೆ ಕಿರಿದು ಮಾಡಿ ಇಟ್ಟರೂ ಫೋಕಸ್ ಸಿಗುವುದು ಸುಮಾರು 1 ಮಿಲಿಮೀಟರ್ ದಪ್ಪದಷ್ಟಕ್ಕೆ ಮಾತ್ರ. ಅದರ ಮುಂದೆ ಮಂಜು, ಹಿಂದೆ ಮಂಜು. ಕಿಂಡಿಯನ್ನು ಇನ್ನೂ ಕಿರಿದು ಮಾಡಿ ಎಫ್ 16ಕ್ಕೆ ಇಳಿಸಿದರೆ 2 ಮಿಲಿಮೀಟರ್ ಸಿಗುತ್ತದೆ, ಆದರೆ ಬೆಳಕು ಸಾಲುವುದಿಲ್ಲ, ಶಟರ್ ನಿಧಾನ ಮಾಡಬೇಕು. ಶಟರ್ ನಿಧಾನವಾಯಿತು ಅಂದರೆ ಗಾಳಿಗೆ ಹಬ್ಬ. ಹೂವು ಕೂದಲೆಳೆಯಷ್ಟು ಓಲಾಡಿದರೂ ಸಾಕು, ಪರದೆಯ ಮೇಲೆ ಬಣ್ಣ ಕಲಸಿದ ಹಾಗೆ ಕಾಣುತ್ತದೆ. ಗಾಳಿ ಬಂದಾಗ ತೂರಿಕೋ ಅಂತ ಗಾದೆ ಕಟ್ಟಿದವರು ರಾಗಿ ಬೆಳೆದವರು, ಕ್ಯಾಮೆರಾ ಹಿಡಿದವರಲ್ಲ.

ಮ್ಯಾಕ್ರೋ ಲೆನ್ಸಿನ ಬೆಲೆ ಕೇಳಿ ಸುಮ್ಮನಾದ ಮೇಲೆ ನಾನು ಎಕ್ಸ್‌ಟೆನ್ಶನ್ ಟ್ಯೂಬ್ ತರಿಸಿದೆ. ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಸಿಕ್ಕಿಸುವ ಉಂಗುರಗಳು. ಲೆನ್ಸನ್ನು ಸೆನ್ಸರಿನಿಂದ ದೂರ ತಳ್ಳುವುದಷ್ಟೇ ಇವುಗಳ ಕೆಲಸ. 50 ಮಿಲಿಮೀಟರ್ ಲೆನ್ಸಿಗೆ 50 ಮಿಲಿಮೀಟರ್ ಟ್ಯೂಬ್ ಹಾಕಿದರೆ ಒಂದಕ್ಕೊಂದು ಬಂದೇ ಬರುತ್ತದೆ. ನನ್ನ ಹೆಂಡತಿ ಪಾರ್ಸೆಲ್ ಬಿಚ್ಚಿ, ಒಂದು ಉಂಗುರ ಎತ್ತಿ, ಅದರೊಳಗಿಂದ ನನ್ನ ಮುಖ ನೋಡಿದಳು.

"ಇದರಲ್ಲಿ ಗಾಜು ಎಲ್ಲಿ?"

"ಗಾಜು ಇರಲ್ಲ ಕಣೇ. ಖಾಲಿನೇ ಇರೋದು."

"ಖಾಲಿ ಡಬ್ಬಿಗೆ ದುಡ್ಡು ಕೊಟ್ಟಿದ್ದೀರಾ? ಅದೂ ತಳ ಇಲ್ಲದ್ದಕ್ಕೆ?"

ಇದಕ್ಕೆ ಭೌತಶಾಸ್ತ್ರದಲ್ಲಿ ಉತ್ತರ ಇದೆ. ಮನೆಯಲ್ಲಿ ಇಲ್ಲ.

ಮಳೆಗಾಲ ಶುರುವಾದರೆ ಕೋಟೆಯಲ್ಲಿ ಕಲ್ಲು ಕಲ್ಲಿನ ಸಂದಿಯಲ್ಲೂ ಏನಾದರೊಂದು ಚಿಗುರುತ್ತದೆ. ತುಂಬೆ ಸಿಕ್ಕರೆ ನನಗೆ ಬೇರೆ ಬೇಡ. ಉಗುರಿಗಿಂತ ಚಿಕ್ಕ ಹೂವು, ಬರಿಗಣ್ಣಿಗೆ ಬರೀ ಬಿಳಿ ಚುಕ್ಕೆ. ಹತ್ತಿರ ಹೋದರೆ ಮೇಲ್ತುಟಿ ಬೇರೆ, ಕೆಳತುಟಿ ಬೇರೆ. ಮೇಲ್ತುಟಿ ಕುಲಾವಿ ಹಾಗೆ ಬಾಗಿದೆ, ಅದರ ತುಂಬ ಬಿಳಿ ರೋಮ. ಅದರಡಿಯಲ್ಲಿ ಕೇಸರಗಳು ಅಡಗಿ ಕೂತಿವೆ. ಕೆಳತುಟಿ ಅಗಲವಾಗಿ ಚಾಚಿಕೊಂಡಿದೆ, ಬಂದ ಹುಳಕ್ಕೆ ಕಾಲೂರಲು ಜಗುಲಿ. ಇದನ್ನು ನೋಡಬೇಕಾದರೆ ನೆಲಕ್ಕೆ ಗದ್ದ ಊರಿ ಬೋರಲು ಮಲಗಬೇಕು. ಉಸಿರು ಹಿಡಿದು ಮೈಯನ್ನೇ ಹಿಂದೆ ಮುಂದೆ ಜರುಗಿಸಿ ಫೋಕಸ್ ಹುಡುಕಬೇಕು. ಇದೇನು ಭಾರೀ ಮರ್ಯಾದೆಯ ಭಂಗಿ ಅಲ್ಲ.

ಆಷಾಢದ ಗಾಳಿ ಒಂದು ಗಳಿಗೆ ನಿಂತ ಹಾಗಾಯಿತು. ಉಸಿರು ಹಿಡಿದೆ. ತಲೆಯ ಹತ್ತಿರ ಎರಡು ಚಪ್ಪಲಿ ಬಂದು ನಿಂತವು.

"ಏನಪ್ಪಾ, ನಿಧಿ ಗಿಧಿ ಹುಡುಕ್ತಿದ್ದೀಯೇನು?"

ನಮ್ಮೂರ ಕೋಟೆಯಲ್ಲಿ ಇದು ತಮಾಷೆಯ ಪ್ರಶ್ನೆ ಅಲ್ಲ. ಯಾರಾದರೂ ನೆಲ ಕೆದಕುವಂತೆ ಕಂಡರೆ ಜನಕ್ಕೆ ಮೊದಲು ಬರುವ ಅನುಮಾನವೇ ಅದು. ನಾನು ಎದ್ದು, ಮಣ್ಣು ಕೊಡವಿ, ಕ್ಯಾಮೆರಾ ತಿರುಗಿಸಿ ತೋರಿಸಿದೆ. ಅಜ್ಜ ಕಣ್ಣು ಕಿರಿದು ಮಾಡಿ ನೋಡಿದರು. "ತುಂಬೆ ಅಲ್ವಾ ಇದು? ನಮ್ಮ ಹೊಲದಲ್ಲಿ ಕಿತ್ತು ಎಸೀತೀವಿ." ಅಷ್ಟರಲ್ಲಿ ಪ್ರವಾಸಕ್ಕೆ ಬಂದಿದ್ದ ಒಂದು ಕುಟುಂಬ ಸುತ್ತ ಸೇರಿತು. ಕ್ಯಾಮೆರಾ ಇದ್ದ ಮೇಲೆ ಫೋಟೋಗ್ರಾಫರ್, ಅಲ್ವಾ? "ಅಣ್ಣಾ, ನಮ್ದೊಂದು ಗ್ರೂಪ್ ಫೋಟೋ ಹೊಡೀರಿ." ಟ್ಯೂಬ್ ಹಾಕಿದ ಲೆನ್ಸಿಗೆ ದೂರದ್ದು ಏನೂ ಕಾಣುವುದಿಲ್ಲ. ಇದರಲ್ಲಿ ನಿಮ್ಮ ಮೂಗಿನ ತುದಿ ಮಾತ್ರ ಬರುತ್ತೆ ಅಂದರೆ, ಫೋಟೋ ತೆಗೆಯೋಕೆ ಮನಸ್ಸಿಲ್ಲದೆ ಹೇಳುತ್ತಿದ್ದೇನೆ ಅಂದುಕೊಂಡರು. ಆ ಕಡೆ ಮಾತು ನಡೆಯುವಾಗ ಈ ಕಡೆ ಒಂದು ಕೋತಿ ಬಂದು ನನ್ನ ನೀರು ಚಿಮುಕಿಸುವ ಬಾಟಲಿ ಎತ್ತಿಕೊಂಡು ಗೋಡೆ ಏರಿತು. ಮೂತಿ ಕಚ್ಚಿ ನೋಡಿತು, ಒತ್ತಿ ನೋಡಿತು, ತನ್ನ ಮುಖಕ್ಕೇ ಚಿಮುಕಿಸಿಕೊಂಡು ಬೆಚ್ಚಿಬಿದ್ದು ಆಚೆ ಬದಿಗೆ ಎಸೆಯಿತು. ಕುಟುಂಬದವರು ಅದರ ವಿಡಿಯೋ ಮಾಡಿಕೊಂಡು ಖುಷಿಯಾಗಿ ಹೋದರು. ತುಂಬೆ ಮತ್ತೆ ಓಲಾಡತೊಡಗಿತ್ತು.

ಮುಟ್ಟಿದರೆ ಮುನಿ ಗಿಡದ್ದು ಇನ್ನೊಂದು ರಾಮಾಯಣ. ಅದರ ಗುಲಾಬಿ ಚೆಂಡು ಒಂದು ಹೂವಲ್ಲ, ಹತ್ತಾರು ಪುಟ್ಟ ಹೂಗಳ ಗೊಂಚಲು. ಕೂದಲಿನಂತೆ ಕಾಣುವುದೆಲ್ಲ ಕೇಸರದ ಎಳೆಗಳು. ಎಲೆ ಬಿಚ್ಚಿಕೊಂಡಿರುವಾಗ ಚೆಂಡಿನ ಜೊತೆ ತೆಗೆದರೆ ಚೆನ್ನ. ಟ್ರೈಪಾಡ್ ಕಾಲು ಸೋಕಿತೋ, ಇಡೀ ಗಿಡ ಕದ ಹಾಕಿಕೊಳ್ಳುತ್ತದೆ. ಎಲೆ ಮತ್ತೆ ಬಿಚ್ಚುವವರೆಗೆ ಸೊಳ್ಳೆಗೆ ಮೈಕೊಟ್ಟು ಕೂರಬೇಕು. ಬಿಚ್ಚಿದ ಮೇಲೆ ಗಾಳಿ ಬರುತ್ತದೆ.

ದಾವಣಗೆರೆಯಲ್ಲಿರುವ ನನ್ನ ಭಾವ ಉಪಾಯ ಹೇಳಿದರು. "ಕುಂದವಾಡದಲ್ಲಿ ಗಾಜಿನ ಮನೆ ಇದೆಯಲ್ಲ, ಅಲ್ಲಿ ಬಂದು ತೆಗೀರಿ." ಹೋದೆ. ಒಂದೊಂದು ಹೂವಿನ ಮುಂದೆಯೂ ಸೆಲ್ಫಿ ತೆಗೆಯುವವರು. ಬೆಣ್ಣೆ ದೋಸೆ ತಿಂದು ವಾಪಸ್ ಬಂದೆ.

ಹಾಗಾಗಿ ಮನೆಯೊಳಗೇ ತೆಗೆಯೋದು ಅಂತ ತೀರ್ಮಾನವಾಯಿತು. ಇದೇನು ಹೊಸ ಯೋಚನೆ ಅಲ್ಲ. ಜರ್ಮನಿಯ ಕಾರ್ಲ್ ಬ್ಲಾಸ್‌ಫೆಲ್ಡ್ ಅನ್ನುವ ಮೇಷ್ಟ್ರು ತಾವೇ ಮಾಡಿಕೊಂಡ ಕ್ಯಾಮೆರಾದಲ್ಲಿ ಗಿಡದ ಕುಡಿ, ಮೊಗ್ಗು, ಬಳ್ಳಿಯ ಸುರುಳಿಗಳನ್ನು 30 ಪಟ್ಟಿನವರೆಗೂ ಹಿಗ್ಗಿಸಿ ತೆಗೆದವರು. ಗಿಡವನ್ನು ಕಿತ್ತು ತಂದು, ಖಾಲಿ ಹಿನ್ನೆಲೆಯ ಮುಂದೆ ಇಟ್ಟು, ನಿಧಾನವಾಗಿ ತೆಗೆಯುತ್ತಿದ್ದರು. 1928ರಲ್ಲಿ ಅವರ ಚಿತ್ರಗಳ ಪುಸ್ತಕ ಬಂದಾಗ ಅವರಿಗೆ 60 ದಾಟಿತ್ತು. ಅವರ ಮನೆಯಲ್ಲಿ ಸೀಲಿಂಗ್ ಫ್ಯಾನ್ ಇರಲಿಲ್ಲ ಅಂತ ನನ್ನ ಬಲವಾದ ನಂಬಿಕೆ.

ನಮ್ಮ ಹಿತ್ತಿಲ ಕೆಂಪು ದಾಸವಾಳ ಬೆಳಿಗ್ಗೆ ಅರಳಿ ಸಂಜೆಗೆ ಮುದುಡುತ್ತದೆ. ಆದರೆ ಅದರ ಆಯಸ್ಸು ಸಂಜೆವರೆಗೆ ಎಲ್ಲಿ? ಬೆಳಗಾಗುವುದರೊಳಗೆ ಅಮ್ಮ ಬುಟ್ಟಿ ಹಿಡಿದು ಹೊರಟಿರುತ್ತಾರೆ. ಒಂದು ಹೂವು ಬಿಡಮ್ಮಾ ಅಂದರೆ, "ದೇವರಿಗಿಂತ ನಿನ್ನ ಡಬ್ಬಿ ಜಾಸ್ತಿಯಾಯ್ತಾ?" ರಾಜಿ ಮಾಡಿಕೊಂಡು ಒಂದು ಹೂವು ಗಿಟ್ಟಿಸಿದೆ. ಊಟದ ಮೇಜನ್ನು ಕಿಟಕಿ ಪಕ್ಕ ಎಳೆದೆ. ಬೆಳಕು ತಿರುಗಿಸಲು ಟಿವಿ ಡಬ್ಬದ ಥರ್ಮೋಕೋಲು. ಹಿನ್ನೆಲೆಗೆ ಕರಿ ಬಟ್ಟೆ ಬೇಕಿತ್ತು, ನನ್ನ ಆರತಕ್ಷತೆಯ ಪ್ಯಾಂಟು ನೇತುಹಾಕಿದೆ. ಬೇರೆ ಏನಕ್ಕೂ ಅದು ಆಗುತ್ತಿಲ್ಲ. ಹನಿ ಬೇಗ ಜಾರದಿರಲಿ ಅಂತ ನೀರಿಗೆ ಗ್ಲಿಸರಿನ್ ಬೆರೆಸಿ ಚಿಮುಕಿಸಿದೆ.

ಮಿಲಿಮೀಟರ್ ಲೆಕ್ಕದಲ್ಲಿ ಫೋಕಸ್ ಸರಿಸುತ್ತ ಹೋಗಿ, ಅಷ್ಟೂ ಫೋಟೋಗಳನ್ನು ಕಂಪ್ಯೂಟರಿನಲ್ಲಿ ಒಂದು ಮಾಡುವುದಕ್ಕೆ ಫೋಕಸ್ ಸ್ಟ್ಯಾಕಿಂಗ್ ಅನ್ನುತ್ತಾರೆ. ಆಗ ತುದಿಯ ಐದು ಕೆಂಪು ಮಖಮಲ್ ಗುಂಡುಗಳಿಂದ ಹಿಡಿದು ಕೆಳಗಿನ ಪರಾಗದ ಪ್ರತಿ ಕಾಳೂ ಸ್ಪಷ್ಟವಾಗಿ ಬರುತ್ತದೆ. ಮೊದಲ ಫೋಟೋದಿಂದ ಕೊನೆಯದರವರೆಗೆ ಏನೂ ಕದಲಬಾರದು, ಅಷ್ಟೇ. ಅರ್ಧ ದಾರಿಯಲ್ಲಿ ಅಡುಗೆಮನೆಯಲ್ಲಿ ರುಬ್ಬುವ ಕಲ್ಲು ಶುರುವಾಯಿತು. ಚಟ್ನಿ ನುಣ್ಣಗಾಗುವವರೆಗೆ ದಾಸವಾಳ ನಡುಗಿತು. ಮತ್ತೆ ಮೊದಲಿಂದ ಹಿಡಿದೆ. ಈ ಸಲ ಇನ್ನೇನು ಮುಗಿಯಿತು ಅನ್ನುವಾಗ ಹೂವಿನ ಎಸಳುಗಳೆಲ್ಲ ಒಟ್ಟಿಗೆ ಎಡಕ್ಕೆ ವಾಲಿದವು.

"ಫ್ಯಾನ್ ಹಾಕಿದ್ದು ಯಾರು?"

ಯಾರೂ ಹಾಕಿರಲಿಲ್ಲ. ಸ್ವಿಚ್ಚು ಮೊದಲಿಂದ ಒತ್ತಿಯೇ ಇತ್ತು, ಹೋಗಿದ್ದ ಕರೆಂಟ್ ಬಂದಿತ್ತು. ಗುಡ್ಡದ ಮೇಲಿನ ಗಾಳಿ ತಂತಿಯೊಳಗೆ ಹೊಕ್ಕು ನಮ್ಮ ಹಾಲ್‌ವರೆಗೂ ಬಂದಿದೆ ಅಂತ ನನಗೆ ಅನುಮಾನ. ಅಷ್ಟರಲ್ಲಿ ಗ್ಲಿಸರಿನ್ನಿನ ಸಿಹಿ ಪತ್ತೆ ಹಚ್ಚಿದ ಇರುವೆಗಳು ಮೇಜಿನ ಕಾಲು ಹತ್ತಿ ಬಂದವು. ಅದೇ ವೇಳೆಗೆ ಸಂಬಂಧಿಕರೊಬ್ಬರು ಮದುವೆ ಕರೆಯಲು ಬಂದರು. ದಾಸವಾಳ, ಇರುವೆ ಸಾಲು, ಹಿಂದೆ ತೂಗುವ ಪ್ಯಾಂಟು ನೋಡಿದರು. ಯಾವುದೋ ವ್ರತ ಇರಬೇಕು ಅಂದುಕೊಂಡು ಚಪ್ಪಲಿ ಬಿಟ್ಟು, ಕೈ ಮುಗಿದೇ ಒಳಗೆ ಬಂದರು.

ಕೊನೆಗೂ ಒಂದು ಚಿತ್ರ ಬಂತು. ದಾಸವಾಳದ ಮೊಗ್ಗಿನ ಬುಡದಲ್ಲಿ ಹತ್ತಿಯಂತೆ ಬೆಳ್ಳಗೆ ಮೆತ್ತಿಕೊಂಡಿದ್ದ ಪುಡಿ, ಹಸಿರಿನ ಮೇಲೆ ಹಿಮ ಬಿದ್ದ ಹಾಗೆ. ದೊಡ್ಡದಾಗಿ ಪ್ರಿಂಟ್ ಹಾಕಿಸಿ ಹಾಲ್‌ನಲ್ಲಿ ತೂಗುಹಾಕಿದೆ. ತೋಟ ಮಾಡಿಕೊಂಡಿರುವ ನಮ್ಮ ಮಾವ ಬಂದವರು ಅದರ ಮುಂದೆ ಬಹಳ ಹೊತ್ತು ನಿಂತರು. ನಾನು ಪಕ್ಕದಲ್ಲಿ ಹೊಗಳಿಕೆಗೆ ಕಾದು ನಿಂತೆ.

"ಹಿಟ್ಟು ತಿಗಣೆ," ಅಂದರು ಮಾವ. "ಬಿಟ್ಟರೆ ಗಿಡ ತಿಂದು ಹಾಕುತ್ತೆ. ಬೇವಿನೆಣ್ಣೆ, ಸೋಪಿನ ನೀರು ಹೊಡೀರಿ."

ಅಮ್ಮ ಅವತ್ತೇ ಹೊಡೆದರು. ಗಿಡ ಉಳಿಯಿತು. ಸುದ್ದಿ ಬೀದಿಗೆಲ್ಲ ಹರಡಿತು. ಈಗ ನಮ್ಮ ಮನೆಗೆ ಮುರುಟಿದ ಮೆಣಸಿನ ಎಲೆ, ಚುಕ್ಕೆ ಬಿದ್ದ ಗುಲಾಬಿ, ಅಂಟು ಹಿಡಿದ ನಿಂಬೆ ಕುಡಿ ಎಲ್ಲ ಬರುತ್ತವೆ. ನಾನು ದೊಡ್ಡದು ಮಾಡಿ ತೋರಿಸಬೇಕು, ಮಾವ ಫೋನಿನಲ್ಲಿ ಔಷಧಿ ಹೇಳಬೇಕು. ಮೊನ್ನೆ ಪಕ್ಕದ ಮನೆಯ ಆಂಟಿ ಕರಿಬೇವಿನ ಎಸಳೊಂದು ತಂದುಕೊಟ್ಟು ಬಾಗಿಲಲ್ಲೇ ನಿಂತರು. ನಾನು ಟ್ಯೂಬ್ ಸಿಕ್ಕಿಸಿ, ಪ್ಯಾಂಟು ನೇತುಹಾಕಿ, ಮನೆಯವರಿಗೆಲ್ಲ ಅಲ್ಲಾಡಬೇಡಿ ಅಂತ ಹೇಳಿ ಉಸಿರು ಹಿಡಿದೆ.

"ಬೇಗ ನೋಡಪ್ಪಾ," ಅಂದರು ಆಂಟಿ. "ಒಲೆ ಮೇಲೆ ಎಣ್ಣೆ ಕಾಯ್ತಿದೆ, ಒಗ್ಗರಣೆಗೆ ಇರೋದು ಅದೊಂದೇ."