ಗ್ಲಾಸ್ ತಿರುಗಿಸುವವರ ಗತ್ತು

ನಿನ್ನೆ ರಾತ್ರಿಯ ಊಟದಲ್ಲಿ ನನ್ನ ಅತ್ತಿಗೆ ಕೆಂಪು ವೈನಿಗೆ ಒಂದು ತುಂಡು ಮಂಜುಗಡ್ಡೆ ಹಾಕಿಕೊಂಡರು. ಎದುರಿಗೆ ಕುಳಿತಿದ್ದವನೊಬ್ಬ ಎಲ್ಲರಿಗೂ ಕೇಳುವಂತೆ "ಅಯ್ಯೋ, ಇದು ಅಪರಾಧ" ಎಂದ. ಅತ್ತಿಗೆ ಗ್ಲಾಸನ್ನು ಪಕ್ಕಕ್ಕೆ ಸರಿಸಿದವರು ಮತ್ತೆ ಮುಟ್ಟಲಿಲ್ಲ. ನನಗೆ ಸಾಕಾಗಿಹೋಗಿದೆ.

ವೈನ್ ಬಲ್ಲೆವೆಂದು ಬೀಗುವ ಇವರಿಗೆ ಈ ಅಧಿಕಾರ ಕೊಟ್ಟವರು ಯಾರು? ಬೇಸಿಗೆ ಬಂತೆಂದರೆ ಸ್ಪೇನಿನ ಜನ ಕೆಂಪು ವೈನಿಗೆ ನಿಂಬೆ ಸೋಡಾ, ಮಂಜುಗಡ್ಡೆ ಬೆರೆಸಿ ಕುಡಿಯುತ್ತಾರೆ. ಆ ದೇಶಕ್ಕೆ ವೈನ್ ಗೊತ್ತಿಲ್ಲವೇ? ಗ್ಲಾಸನ್ನು ಗರಗರ ತಿರುಗಿಸುವುದು, ಮೂಗು ತೂರಿಸುವುದು, ಕಣ್ಣು ಮುಚ್ಚಿ "ಓಕ್ ಮರ, ಚರ್ಮ, ಒದ್ದೆ ಕಲ್ಲು" ಎಂದು ವೈನಿನ ವಾಸನೆಗಳನ್ನು ಪಠಿಸುವುದು, ಫ್ರಾನ್ಸಿನ ವೈನ್ ನಾಡು ಬೋರ್ಡೋದ ಹೆಸರು ನಮ್ಮ ಬಾಯಲ್ಲಿ ಕೊಂಚ ತಪ್ಪಿದರೆ ತಿದ್ದುವುದು, ಮೆನುವಿನಲ್ಲಿ ನಂದಿ ಬೆಟ್ಟದ ವೈನ್ ಕಂಡರೆ ತುಟಿ ಕೊಂಕಿಸುವುದು!

1976ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರಾನ್ಸಿನ ಪರಿಣತರೇ ಲೇಬಲ್ ಕಾಣದಂತೆ ರುಚಿ ನೋಡಿ, ಕೆಂಪು ಬಿಳಿ ಎರಡರಲ್ಲೂ ತಮ್ಮ ದೇಶದ್ದನ್ನು ಬಿಟ್ಟು ಅಮೆರಿಕದ ಕ್ಯಾಲಿಫೋರ್ನಿಯಾದ ವೈನಿಗೆ ಮೊದಲ ಸ್ಥಾನ ಕೊಟ್ಟರು. ಬೋರ್ಡೋದಲ್ಲೇ ಫ್ರೆಡೆರಿಕ್ ಬ್ರೋಶೆ ಎಂಬ ಸಂಶೋಧಕರು ಬಿಳಿ ವೈನಿಗೆ ಕೆಂಪು ಬಣ್ಣ ಬೆರೆಸಿ, ವೈನ್ ಶಾಸ್ತ್ರ ಓದುತ್ತಿದ್ದ 54 ವಿದ್ಯಾರ್ಥಿಗಳ ಮುಂದಿಟ್ಟರು. ಅವರು ಅದನ್ನು ಕೆಂಪು ವೈನಿನ ಮಾತುಗಳಲ್ಲೇ ಬಣ್ಣಿಸಿದರು. ಅದನ್ನೇ ಓದುವವರ ಮೂಗೂ ಹೀಗೆ ಮೋಸಹೋಗುವಾಗ ನಾಲ್ಕು ಬಾಟಲಿ ಕಂಡವನಿಗೆ ಇಷ್ಟು ಖಚಿತತೆ ಎಲ್ಲಿಂದ ಬಂತು?

ಇವರಿಗೆ ಬೇಕಾಗಿರುವುದು ರುಚಿಯಲ್ಲ, ಪಕ್ಕದವರಿಗೆ ಏನೂ ಗೊತ್ತಿಲ್ಲ ಎಂಬ ಸುಖ. ಊಟಕ್ಕೆ ಕರೆದವರು ಪ್ರೀತಿಯಿಂದ ತಂದಿಟ್ಟ ಬಾಟಲಿಯ ಬೆಲೆಯನ್ನು ಅವರ ಎದುರೇ ಮೊಬೈಲಿನಲ್ಲಿ ಹುಡುಕುತ್ತಾರಲ್ಲ, ಆಗಲಾದರೂ ನಾಚಿಕೆಯಾಗುವುದಿಲ್ಲವೇ?