ಬೇಸಿಗೇಲಿ ನಿಮಗೆ ರಜಾ ಅಂದ್ರು

ನಾಯಕನಹಟ್ಟಿ ಜಾತ್ರೆಗೆ ಅಂತ ಬೆಂಗಳೂರಿಂದ ಬಂದಿದ್ದ ನಮ್ಮ ಭಾವ ನಿನ್ನೆ ಊಟ ಮುಗಿಸಿ ಕೈ ತೊಳ್ಕೊಂತಾ ಒಂದು ಮಾತು ಅಂದ್ರು, ಅದು ಇನ್ನೂ ಎದೇಲೇ ಕುಂತೈತೆ. "ನಿಮಗೇನಪ್ಪ, ಮಳೆ ಬರೋಗಂಟ ರಜಾ. ದನ ಹೊಡ್ಕೊಂಡು ಹೋಗೋದು, ಮರದಡಿ ಮಲಗೋದು." ಅಕ್ಕನ ಗಂಡ, ಅದೂ ಜಾತ್ರೆಗೆ ಬಂದೋರು, ಎದುರಿಗೆ ಏನೂ ಅನ್ನಕ್ಕಾಗಲಿಲ್ಲ. ರಾತ್ರಿಯೆಲ್ಲಾ ನಿದ್ದೆ ಬರಲಿಲ್ಲ, ಅದಕ್ಕೆ ಇಲ್ಲಿ ಬರೀತಿದೀನಿ.

ನಮ್ಮ ರೊಪ್ಪದಲ್ಲಿ ಕರುಗಳೂ ಸೇರಿ 24 ದನ ಅವೆ. ಈ ಬಿಸಿಲಿಗೆ ಒಂದು ದೊಡ್ಡ ದನಕ್ಕೆ ದಿನಕ್ಕೆ ಏನಿಲ್ಲ ಅಂದ್ರೂ 40 ಲೀಟರ್ ನೀರು ಬೇಕು. ನೀರಿನ ಮೋಟ್ರು ಓಡಕ್ಕೆ ಬೇಕಾದ ತ್ರೀ ಫೇಸ್ ಕರೆಂಟ್ ಬರೋದು ರಾತ್ರಿ ಹನ್ನೊಂದರ ಮೇಲೆ. ಹಗಲು ಬಿಡಾನ ಅಂದ್ರೆ ಕರಿ ಪೈಪಲ್ಲಿ ನಿಂತಿರೋ ನೀರು ಕಾದು ಹೋಗಿರ್ತದೆ, ಹಸು ಬಂದು ಮೂತಿ ಇಟ್ಟು ಹಿಂದಕ್ಕೆ ಎಳ್ಕೊಂಡು ನಮ್ಮ ಮುಖಾನೇ ನೋಡ್ತಾ ನಿಂತ್ಕೊಂತದೆ. ಆ ನೋಟ ನೋಡಿದೋರು ಯಾರೂ ಬೇಸಿಗೆಗೆ ರಜಾ ಅನ್ನಲ್ಲ. ಹಂಗಾಗಿ ರಾತ್ರೀನೇ ಎದ್ದು ತೊಟ್ಟಿ ತುಂಬಿಸ್ತೀವಿ, ಬೆಳಗ್ಗೆಗೆ ತಣ್ಣಗಿರ್ಲಿ ಅಂತ. ಸುತ್ತ ಎಲ್ಲೂ ನೀರಿಲ್ಲದ್ದಕ್ಕೆ ಜೇನ್ನೊಣ ಅಷ್ಟೂ ನಮ್ಮ ತೊಟ್ಟಿಗೇ ಬಂದು ಬಿದ್ದು ಸಾಯ್ತವೆ. ಅವ್ವ ಒಂದು ಗೋಣಿಚೀಲ ನೆನೆಸಿ ತೊಟ್ಟಿ ಅಂಚಿಗೆ ಇಳಿಬಿಡ್ತಾಳೆ, ನೊಣ ಅದರ ಮೇಲೆ ಕುಂತು ಹೀರ್ಕೊಂಡು ಹೋಗ್ತವೆ. ಆ ಚೀಲ ಒಣಗದಂಗೆ ನೋಡ್ಕಳದೂ ಒಂದು ಕೆಲಸಾನೇ ಭಾವ.

ಇನ್ನು ಮೇವು. ಶೇಂಗಾ ಹೊಟ್ಟು, ರಾಗಿ ಹುಲ್ಲು ಇಷ್ಟೇ ಇರೋದು, ಜೂನ್‌ಗಂಟ ಎಳೀಬೇಕು. ಇನ್ನೂ ಯುಗಾದಿ ಬಂದಿಲ್ಲ, ಆಗ್ಲೇ ಬಣವೆ ಅರ್ಧಕ್ಕೆ ಇಳಿದೈತೆ. ದಿನಾ ಸಂಜೆ ಅಪ್ಪ ಬಣವೆ ಮುಂದೆ ಸುಮ್ನೆ ನಿಂತಿರ್ತಾನೆ, ಲೆಕ್ಕ ಹಾಕ್ತಾ ಅವ್ನೆ ಅಂತ ನಮಗೆ ಗೊತ್ತಾಗ್ತದೆ, ಯಾರೂ ಮಾತಾಡ್ಸಲ್ಲ.

ಬೇಸಿಗೆ ಅಂದ್ರೆ ಏನು ಅಂತ ಹಿಂದಿನ ಅರಸರಿಗೆ ಗೊತ್ತಿತ್ತು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆ ದನ ನೋಡ್ಕಳ ಇಲಾಖೆಗೆ ಬೆಣ್ಣೆ ಚಾವಡಿ ಅಂತಿದ್ರು, ಟಿಪ್ಪು ಅದಕ್ಕೆ ಅಮೃತ ಮಹಲ್ ಅಂತ ಹೆಸರಿಟ್ಟ. ಆ ದನಗಳು ಮೇಯಕ್ಕೆ ಅಂತ ಬಿಟ್ಟಿದ್ದ ಹುಲ್ಲುಗಾವಲು, ಅಂದ್ರೆ ಕಾವಲುಗಳನ್ನ ಮಳೆಗಾಲದ್ದು, ಚಳಿಗಾಲದ್ದು, ಬೇಸಿಗೇದು ಅಂತ ಬೇರೆ ಬೇರೆ ಮಾಡಿದ್ರು. ನೀರು ನೆರಳು ಇರೋ ಕಾವಲು ಬೇಸಿಗೆಗೆ ಮೀಸಲು. ಒಂದು ರಾಜ್ಯಾನೇ ಕುಂತು ಯೋಚನೆ ಮಾಡಿದ್ದ ಕೆಲಸ ಇದು, ಇದಕ್ಕೆ ರಜಾ ಅಂತೀರಲ್ಲ! ಇವತ್ತು ನಮ್ಮ ಚಳ್ಳಕೆರೆ ಸುತ್ತ ಸುಮಾರು 10,000 ಎಕರೆ ಕಾವಲು ದೊಡ್ಡ ದೊಡ್ಡ ಸಂಸ್ಥೆಗಳ ಪಾಲಾಗಿ ಉದ್ದಕ್ಕೂ ಕಾಂಪೌಂಡು ಎದ್ದೈತೆ. ಕರಡ ಹುಲ್ಲು ಗೋಡೆ ಆಚೆ ಒಣಗಿ ನಿಂತೈತೆ, ದನ ಗೋಡೆ ಪಕ್ಕ ನಡ್ಕೊಂಡು ಹೋಗ್ತವೆ.

"ಈ ನಾಟಿ ದನ ಯಾಕೆ, ಎರಡು ಎಚ್ಚೆಫ್ ಸೀಮೆ ಹಸು ಕಟ್ಟಿ ಡೈರಿಗೆ ಹಾಲು ಹಾಕು" ಅಂತನೂ ಭಾವ ಅಂದ್ರು. ಹಾಲು ಜಾಸ್ತಿ ಕೊಡ್ತವೆ, ಇಲ್ಲ ಅನ್ನಲ್ಲ. ಆದ್ರೆ ಅದಕ್ಕೆ ದಿನಾ ಹಸಿ ಮೇವು ಎಲ್ಲಿಂದ ತರ್ಲಿ, ಕುಡಿಯೋ ನೀರಿಗೇ ರಾತ್ರಿ ಕಾಯೋ ಊರಲ್ಲಿ? ಪಕ್ಕದ ಮನೆಯೋರು ಕಟ್ಟಿದ್ರು, ಏಪ್ರಿಲ್ ಮಧ್ಯಾಹ್ನ ಅದು ಬಾಯಿ ತೆರ್ಕೊಂಡು ತೇಕೋದು ನೋಡಿ ಅವರ ಮಗಳು ಫ್ಯಾನ್ ತಂದು ಇಟ್ಟಿದ್ಲು. ನಮ್ಮವು 39 ಡಿಗ್ರೀಲೂ ಮೇಯ್ಕೊಂಡು ಬರ್ತವೆ. ಆ ಮಾತು ಅಲ್ಲಿಗೆ ಬಿಡಿ.

ಒಂದು ವಿಷಯ ಯಾರತ್ರಾನೂ ಹೇಳಿರಲಿಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕಲ್ಲಿ 223 ಬರ ಅಂತ ಘೋಷಣೆ ಆಯ್ತಲ್ಲ, ಅದರ ಮುಂದಿನ ಬೇಸಿಗೇಲಿ ಹುಲ್ಲು ಕೊಳ್ಳಕ್ಕೆ ದುಡ್ಡಿಲ್ಲದೆ ಒಂದು ಜೋಡಿ ಹೋರಿ ಮಾರಿದೆ. ನಾನೇ ಸಾಕಿದ್ದು, ಕರುವಾಗಿದ್ದಾಗ ನನ್ನ ಶರ್ಟಿನ ತುದಿ ಚೀಪ್ತಿದ್ವು. ಹಗ್ಗ ಕೊಡಬಾರದು ಅಂತ ಅಪ್ಪ ಬಿಚ್ಚಿಟ್ಕೊಂಡ, ಕೊಂಡೋರು ಹೊಸ ಹಗ್ಗ ತಂದಿದ್ರು. ಗಾಡಿ ಹತ್ತುವಾಗ ಒಂದು ತಿರುಗಿ ನೋಡ್ತು, ನಾನು ತಿಪ್ಪೆ ಹಿಂದೆ ಹೋಗಿ ನಿಂತ್ಕಂಡೆ. ಆ ಎರಡು ಹಗ್ಗ ಇವತ್ತಿಗೂ ಗೂಟದಲ್ಲೇ ಅವೆ, ಅವ್ವ ತೆಗೆಯಕ್ಕೆ ಬಿಡಲ್ಲ. ಅದಾದ ಮೇಲೆ ಬೇಸಿಗೆ ಅಂದ್ರೆ ನನಗೆ ಭಯ. ರಜಾ ಅನ್ನೋ ಪದ ಕೇಳಿದ್ರೆ ಮೈ ಉರೀತದೆ.

ಭಾವ, ನೀವು ಇದನ್ನ ಓದ್ತೀರ ಅಂತ ಗೊತ್ತು. ಕೋಪ ಮಾಡ್ಕೋಬೇಡಿ. ಮೇ ತಿಂಗಳಲ್ಲಿ ಮಕ್ಕಳನ್ನ ಕರ್ಕೊಂಡು ಬನ್ನಿ, ಒಂದು ರಾತ್ರಿ ಉಳ್ಕಳಿ. ಹನ್ನೊಂದಕ್ಕೆ ಮೋಟ್ರು ಹಾಕಕ್ಕೆ ಹೋಗುವಾಗ ನಾನೇ ಎಬ್ಬಿಸ್ತೀನಿ.