ಹೊಸದೇ ಇರಬೇಕಂತೆ

ಕೆಂಪು ಸ್ವೆಟರ್ ಅದು. ಮಗಳು ಹಾಕಿದ್ದು ಎರಡೋ ಮೂರೋ ಸಲ ಅಷ್ಟೇ. ಅಷ್ಟರಲ್ಲಿ ಉದ್ದ ಬೆಳೆದುಬಿಟ್ಟಳು. ಒಗೆದು, ಇಸ್ತ್ರಿ ಮಾಡಿ, ಶೂ ಡಬ್ಬಿಯ ತಳಕ್ಕೆ ಇಟ್ಟಿದ್ದೆ. ಅದರ ಮೇಲೆ ಬಣ್ಣದ ಪೆನ್ಸಿಲ್, ಪುಟ್ಟ ಗೊಂಬೆ, ಒಂದು ಚೆಂಡು, ಬಾಚಣಿಗೆ.

ನಾನಿರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಇಲ್ಲಿ ಅಕ್ಟೋಬರ್ ಮುಗಿಯುತ್ತಿದ್ದಂತೆ ಶಾಲೆ, ಚರ್ಚು, ಆಫೀಸು ಎಲ್ಲ ಕಡೆ ಶೂ ಡಬ್ಬಿಯ ಗಲಾಟೆ ಶುರು. ಖಾಲಿ ಡಬ್ಬಿಗೆ ಬಣ್ಣದ ಕಾಗದ ಸುತ್ತಿ, ಒಳಗೆ ಉಡುಗೊರೆ ತುಂಬಿ ಕೊಟ್ಟರೆ ಕ್ರಿಸ್‌ಮಸ್ ಹೊತ್ತಿಗೆ ಅದು ಯಾವುದೋ ದೇಶದ ಬಡ ಮಗುವಿನ ಕೈ ಸೇರುತ್ತದೆ. ಮಗಳ ಶಾಲೆಯಿಂದಲೂ ಚೀಟಿ ಬಂದಿತ್ತು. ನಾನು ಅದನ್ನು ಪೂರ್ತಿ ಓದಲಿಲ್ಲ. ದಾನ ಕೊಡೋದಕ್ಕೆ ಓದೋದೇನಿದೆ ಅಂದುಕೊಂಡೆ.

ಡಬ್ಬಿ ತೆಗೆದುಕೊಳ್ಳುವ ಜಾಗದಲ್ಲಿ ಬಿಳಿ ಕೂದಲಿನ ಹೆಂಗಸೊಬ್ಬರು ಕೂತಿದ್ದರು. ಮುಚ್ಚಳ ತೆಗೆದು ಒಂದೊಂದೇ ಸಾಮಾನು ನೋಡಿದರು. ಮುಚ್ಚಳಕ್ಕೂ ಡಬ್ಬಿಗೂ ಬೇರೆ ಬೇರೆಯಾಗಿ ಕಾಗದ ಸುತ್ತಬೇಕು ಅನ್ನುವುದು ಇದಕ್ಕೇ, ತೆಗೆದು ನೋಡಲು. ಸ್ವೆಟರ್ ಎತ್ತಿ ಕತ್ತಿನ ಪಟ್ಟಿ ತಿರುಗಿಸಿದರು. ಅಲ್ಲಿ ಮಗಳ ಹೆಸರಿನ ಲೇಬಲ್. ಇಲ್ಲಿ ಶಾಲೆಯಲ್ಲಿ ಬಟ್ಟೆ ಕಳೆದುಹೋಗದಿರಲಿ ಅಂತ ಎಲ್ಲದಕ್ಕೂ ಹೆಸರು ಹೊಲಿಯುತ್ತೇವಲ್ಲ, ಅದನ್ನು ಬಿಚ್ಚುವುದು ಮರೆತಿದ್ದೆ. "ತುಂಬಾ ಚೆನ್ನಾಗಿದೆ ಇದು. ಆದರೆ ನಾವು ಹೊಸದು ಮಾತ್ರ ತಗೊಳ್ಳೋದು" ಅಂದರು. ನಗುತ್ತಲೇ ಸ್ವೆಟರ್ ಮಡಿಸಿ ನನ್ನ ಕೈಗೆ ವಾಪಸ್ ಕೊಟ್ಟರು. ನನ್ನ ಹಿಂದೆ ಸಾಲಿನಲ್ಲಿ ಐದಾರು ಜನ. ನನ್ನ ಕಿವಿ ಬಿಸಿಯಾಯಿತು. ಡಬ್ಬಿಯನ್ನೂ ಎತ್ತಿಕೊಂಡು, ನಾಳೆ ತರುತ್ತೇನೆ ಅಂತ ಸುಮ್ನೆ ಹೇಳಿ ಹೊರಗೆ ಬಂದೆ.

ಮನೆ ತಲುಪುವವರೆಗೂ ಕೋಪ. ಬಡ ಮಗುವಿಗೆ ಚಳಿಯಾಗುತ್ತದೋ ಇಲ್ಲವೋ? ಸ್ವೆಟರ್ ಬೆಚ್ಚಗಿದೆಯೋ ಇಲ್ಲವೋ? ಇದರಲ್ಲಿ ಹೊಸದು ಹಳೆಯದು ಏನು ಬಂತು?

ರಾತ್ರಿ ಪಾತ್ರೆ ತೊಳೆಯುವಾಗ ತಿಪಟೂರಿನ ಮನೆ ನೆನಪಾಯಿತು. ದೀಪಾವಳಿಗೆ ಮುಂಚೆ ಅಮ್ಮ ಬೀರು ಖಾಲಿ ಮಾಡುತ್ತಿದ್ದಳು. ಜರಿ ಇರುವ ಸೀರೆ ಜರಿ ಕೊಳ್ಳುವವನಿಗೆ. ಗಟ್ಟಿ ಪ್ಯಾಂಟು ಶರ್ಟು ಪಾತ್ರೆಯವಳಿಗೆ. ಅರ್ಧ ಗಂಟೆ ಚೌಕಾಸಿ ಮಾಡಿ ಆರು ಬಟ್ಟೆಗೆ ಒಂದು ಸ್ಟೀಲ್ ಡಬರಿ. ಅವಳೂ ಬೇಡವೆಂದು ಪಕ್ಕಕ್ಕೆ ಎಸೆದದ್ದು ಕೆಲಸದಾಕೆಗೆ. "ಇನ್ನೂ ಚೆನ್ನಾಗಿದೆ ಕಣೇ, ಒಂದು ಹೊಲಿಗೆ ಹಾಕ್ಕೋ" ಅನ್ನುತ್ತಿದ್ದಳು ಅಮ್ಮ. ಅವಳು ಕಣ್ಣಿಗೊತ್ತಿಕೊಂಡು ತೆಗೆದುಕೊಂಡು ಹೋಗುತ್ತಿದ್ದಳು. ನಮ್ಮ ಮನೆಯಲ್ಲಿ ಇದಕ್ಕೆ ದಾನ ಅಂತಲೇ ಹೆಸರು. ಹಬ್ಬದ ಮಾರನೇ ದಿನ ಉಳಿದ ಒಬ್ಬಟ್ಟಿಗೂ ಅದೇ ಹೆಸರು.

2018ರಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ನಾನು ರಜೆಗೆ ಬೆಂಗಳೂರಿಗೆ ಬಂದಿದ್ದೆ. ಅಕ್ಕನ ಅಪಾರ್ಟ್‌ಮೆಂಟಿನ ಕೆಳಗೆ ಬಟ್ಟೆ ಸಂಗ್ರಹ. ವಿಂಗಡಿಸಲು ನಾನೂ ಕೂತೆ. ಒಂಟಿ ಸಾಕ್ಸು, ಹುಕ್ ಕಿತ್ತ ರವಿಕೆ, ಯಾವುದೋ ಮ್ಯಾರಥಾನಿನ ಬೆವರು ಹಿಡಿದ ಟೀ ಶರ್ಟು, ಒಂದು ಮದುವೆ ಕೋಟು. ಮನೆ ಮಣ್ಣಿನಡಿ ಹೋದವರಿಗೆ ಮದುವೆ ಕೋಟು! ಆಗ ನಗು ಬಂದಿತ್ತು. ಕೆಂಪು ಸ್ವೆಟರ್ ವಾಪಸ್ ಬಂದ ರಾತ್ರಿ ಬರಲಿಲ್ಲ.

ಹಾಗಂತ ಹೊಸದು ಕೊಡುವುದು ನಮಗೆ ಗೊತ್ತಿಲ್ಲವಾ? ಚೆನ್ನಾಗಿ ಗೊತ್ತು. ಗೌರಿ ಹಬ್ಬದ ಮೊರದ ಬಾಗಿನ ನೋಡಿ. ಅರಿಶಿನ, ಕುಂಕುಮ, ಬಳೆ, ಕನ್ನಡಿ, ಬಾಚಣಿಗೆ, ರವಿಕೆ ಕಣ, ಬೇಳೆ, ಬೆಲ್ಲ, ಕಾಯಿ. ಮೇಲೆ ಇನ್ನೊಂದು ಮೊರ ಮುಚ್ಚಿ ಸೆರಗು ಹಿಡಿದು ಕೊಡುತ್ತೇವೆ. ಶೂ ಡಬ್ಬಿ ಇದಲ್ಲದೆ ಮತ್ತೇನು? ಬಾಚಣಿಗೆ ಕೂಡ ಎರಡರಲ್ಲೂ ಇದೆ. ಬಾಗಿನಕ್ಕೆ ಬಳಸಿದ ಬಾಚಣಿಗೆ ಹಾಕುವ ಧೈರ್ಯ ನಮ್ಮ ಯಾವ ಅತ್ತೆಗೂ ಇಲ್ಲ. ಆದರೆ ಆ ಮೊರ ಹೋಗುವುದು ಯಾರ ಮನೆಗೆ? ನಮ್ಮಂಥವರ ಮನೆಗೇ. ಇವತ್ತು ಕೊಟ್ಟರೆ ನಾಳೆ ವಾಪಸ್ ಬರುತ್ತದೆ. (ರವಿಕೆ ಕಣವಂತೂ ಅದೇ ಬರುತ್ತದೆ. ನಮ್ಮ ಬೀದಿಯಲ್ಲಿ ಒಂದು ಗಿಳಿಹಸಿರು ಕಣ ಹತ್ತು ವರ್ಷ ಸುತ್ತಿದೆ.) ಸರೀಕರಿಗೆ ಹೊಸದು, ಇಲ್ಲದವರಿಗೆ ಹಳೆಯದು. ಇಷ್ಟು ವರ್ಷ ಇದು ನನಗೆ ವಿಚಿತ್ರ ಅನ್ನಿಸಿರಲೇ ಇಲ್ಲ. ಒಬ್ಬ ಹೆಂಗಸು ನಗುತ್ತಾ ಸ್ವೆಟರ್ ವಾಪಸ್ ಕೊಡಬೇಕಾಯಿತು.

ಇನ್ನೊಂದು ತಮಾಷೆ ಕೇಳಿ. ಪಕ್ಕದ ಮನೆಯ ಇಂಗ್ಲಿಷ್ ಅಜ್ಜಿಗೆ ಈ ಕಥೆ ಹೇಳಿದರೆ ಆಕೆ ಸ್ವೆಟರ್ ವಿಷಯಕ್ಕೆ ಬರಲೇ ಇಲ್ಲ. "ಯಾವ ಚಾರಿಟಿ?" ಅಂತ ಕೇಳಿದರು. ಗೊತ್ತಿಲ್ಲ ಅಂದೆ. ಆಕೆ ನನ್ನನ್ನು ನೋಡಿದ ರೀತಿ! ಸಹಿ ಮಾಡಿ ಖಾಲಿ ಚೆಕ್ ರಸ್ತೆಯಲ್ಲಿ ಬಿಟ್ಟು ಬಂದೆ ಅಂದಿದ್ದರೆ ಹೀಗೆ ನೋಡುತ್ತಿದ್ದರೇನೋ. ಇಂಗ್ಲೆಂಡ್ ಮತ್ತು ವೇಲ್ಸಿನ ಚಾರಿಟಿಗಳಿಗೆಲ್ಲ ಚಾರಿಟಿ ಕಮಿಷನ್ ಅಂತ ಒಂದು ಇಲಾಖೆ ಇದೆ. ಅದರ ರಿಜಿಸ್ಟರ್ ಎಲ್ಲರಿಗೂ ತೆರೆದಿದೆ. ಹೆಸರು ಹಾಕಿದರೆ ಆದಾಯ, ಖರ್ಚು, ಟ್ರಸ್ಟಿಗಳು ಯಾರು, ಎಲ್ಲ ಬರುತ್ತದೆ. ಎಂಬತ್ತು ದಾಟಿದ ಅಜ್ಜಿ ಕನ್ನಡಕ ಮೂಗಿಗೆ ಇಳಿಸಿಕೊಂಡು ಐಪ್ಯಾಡಿನಲ್ಲಿ ಅದನ್ನು ತೆರೆದು ತೋರಿಸಿದರು. ನಮ್ಮಪ್ಪ ಐವತ್ತು ವರ್ಷ ಹುಂಡಿಗೆ ದುಡ್ಡು ಹಾಕಿದ್ದರು. ಅದು ಏನಾಯಿತು ಅಂತ ಕೇಳುವುದೇ ಪಾಪ ಅನ್ನುವವರು.

ಹುಡುಕುತ್ತಾ ಹೋದರೆ ಡಬ್ಬಿಯ ಹಿಂದೆ ದೊಡ್ಡ ಕಥೆಯೇ ಇದೆ. 1989ರ ಡಿಸೆಂಬರಿನಲ್ಲಿ ರೊಮೇನಿಯಾದಲ್ಲಿ ಸರ್ವಾಧಿಕಾರಿ ಚೌಷೆಸ್ಕುವಿನ ಸರ್ಕಾರ ಬಿತ್ತು. ಅಲ್ಲಿನ ಅನಾಥಾಲಯಗಳ ಚಿತ್ರಗಳು ಟಿವಿಯಲ್ಲಿ ಬಂದವು. 1990ರಲ್ಲಿ ವೇಲ್ಸಿನ ರೆಕ್ಸಮ್ ಊರಿನ ಡೇವ್ ಕುಕ್ ಮತ್ತು ಅವರ ಹೆಂಡತಿ ಆ ಮಕ್ಕಳಿಗೆ ಉಡುಗೊರೆ ಕಳಿಸಲು ಹೊರಟರು. ಶೂ ಡಬ್ಬಿಯ ಪದ್ಧತಿ ಬೆಳೆದದ್ದು ಅಲ್ಲಿಂದ. 1993ರಲ್ಲಿ ಆ ಕೆಲಸವನ್ನು ಅಮೆರಿಕದ ಸಮಾರಿಟನ್ಸ್ ಪರ್ಸ್ ಅನ್ನುವ ಕ್ರೈಸ್ತ ಸಂಸ್ಥೆ ವಹಿಸಿಕೊಂಡಿತು. ಕ್ರೈಸ್ತ ಧರ್ಮಪ್ರಚಾರಕ ಬಿಲ್ಲಿ ಗ್ರಹಾಂ ಅವರ ಮಗ ಫ್ರಾಂಕ್ಲಿನ್ ಗ್ರಹಾಂ ಅದರ ಮುಖ್ಯಸ್ಥರು. ಆಪರೇಷನ್ ಕ್ರಿಸ್‌ಮಸ್ ಚೈಲ್ಡ್ ಅನ್ನುವ ಅವರ ಕಾರ್ಯಕ್ರಮ ಇಲ್ಲಿಯವರೆಗೆ 20 ಕೋಟಿಗಿಂತ ಜಾಸ್ತಿ ಡಬ್ಬಿ ಹಂಚಿದೆ. ಡಬ್ಬಿ ಪಡೆದ ಮಕ್ಕಳನ್ನು ಆಮೇಲೆ 12 ಪಾಠಗಳ ಒಂದು ಬೈಬಲ್ ಕೋರ್ಸಿಗೂ ಕರೆಯುತ್ತಾರೆ. ಇದನ್ನು ಅವರು ಮುಚ್ಚಿಟ್ಟಿಲ್ಲ, ಹೆಮ್ಮೆಯಿಂದಲೇ ಹೇಳುತ್ತಾರೆ.

ಇದನ್ನು ನಾನು ರಾಜ್ಯೋತ್ಸವದ ಊಟದಲ್ಲಿ ಬಾಯಿ ತಪ್ಪಿ ಹೇಳಿದೆ. ಬಿಸಿಬೇಳೆಬಾತಿನ ತಟ್ಟೆ ಹಿಡಿದವರೆಲ್ಲ ಎರಡು ಪಕ್ಷ. "ಮತಾಂತರಕ್ಕೆ ನಾವು ಯಾಕ್ರೀ ಡಬ್ಬಿ ತುಂಬಬೇಕು?" ಅಂತ ಕೆಲವರು. "ಮಗುಗೆ ಗೊಂಬೆ ಸಿಕ್ಕಿದ್ರೆ ಆಯ್ತಪ್ಪ" ಅಂತ ಕೆಲವರು. ಖಾರ ಬೂಂದಿ ಖಾಲಿಯಾದರೂ ಮಾತು ಮುಗಿಯಲಿಲ್ಲ. ಅಷ್ಟು ಹೊತ್ತು ಮಾತಾಡಿದವರಲ್ಲಿ ಡಬ್ಬಿ ತುಂಬಿದವರು ಒಬ್ಬರೂ ಇರಲಿಲ್ಲ, ಅದು ಬೇರೆ ವಿಷಯ.

ನನಗೂ ಆ 12 ಪಾಠ ಇಷ್ಟವಾಗಲಿಲ್ಲ. ಉಡುಗೊರೆಯ ಬೆನ್ನಿಗೇ ಕರೆಯೋಲೆ ಬರಬಾರದು. ಆದರೆ ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ನನ್ನ ಸೋದರಮಾವ ಓದಿದ್ದು ಸಿದ್ಧಗಂಗಾ ಮಠದಲ್ಲಿ. ಜಾತಿ ಕೇಳದೆ ಊಟ ಹಾಕಿ ಓದಿಸಿದರು. ಸಾಮೂಹಿಕ ಪ್ರಾರ್ಥನೆಗೆ ಸಾಲಾಗಿ ಕೂರಿಸಿದರು ಕೂಡ. ಅದನ್ನು ನಮ್ಮ ಮನೆಯಲ್ಲಿ ಸಂಸ್ಕಾರ ಅಂದರು. ಇದನ್ನು ನಾನು ಬಿಸಿಬೇಳೆಬಾತಿನ ಮುಂದೆ ಹೇಳಲಿಲ್ಲ. ಹೇಳಿದ್ದರೆ ಮನೆಗೆ ಬರಲು ಲೇಟಾಗುತ್ತಿತ್ತು.

ಬೇರೆ ದಾರಿಗಳೂ ಇವೆ. ರೋಟರಿಯವರ ಡಬ್ಬಿ ಇದೆ, ಅವರಿಗೆ ಧರ್ಮದ ಗೊಡವೆ ಇಲ್ಲ. ಸ್ಕಾಟ್ಲೆಂಡಿನ ಬ್ಲೈಥ್ಸ್‌ವುಡ್ ಅನ್ನುವ ಸಂಸ್ಥೆ ಇದೆ. ಟೊರಾಂಟೊದಲ್ಲಿರುವ ಗೆಳತಿ ತಮ್ಮ ಕಡೆಯ ಶೂಬಾಕ್ಸ್ ಪ್ರಾಜೆಕ್ಟ್ ಬಗ್ಗೆ ಹೇಳಿದಳು. 2011ರಲ್ಲಿ ಶುರುವಾದದ್ದು. ಡಬ್ಬಿ ವಿಮಾನ ಹತ್ತುವುದೇ ಇಲ್ಲ, ಅದೇ ಊರಿನ ಆಶ್ರಯ ಮನೆಗಳಲ್ಲಿರುವ ಹೆಂಗಸರಿಗೆ ಹೋಗುತ್ತದೆ. ಇದು ನನಗೆ ಬಹಳ ಹಿಡಿಸಿತು, ಆದರೆ ನಾನು ಟೊರಾಂಟೊದಲ್ಲಿಲ್ಲ.

ಕೊನೆಗೆ ನನ್ನನ್ನು ನಿಲ್ಲಿಸಿದ್ದು ಲಿಂಕ್ ಟು ಹೋಪ್ ಅನ್ನುವ ಚಾರಿಟಿ. ಅವರೂ ಕ್ರೈಸ್ತ ನಂಬಿಕೆಯವರೇ. ಕ್ರಿಸ್‌ಮಸ್ ಡಬ್ಬಿಯಲ್ಲಿ ಕ್ರಿಸ್ತ ಇರಲೇಬಾರದು ಅನ್ನುವಷ್ಟು ಹಟ ನನಗಿಲ್ಲ. ಅವರದು ಪೂರ್ವ ಯುರೋಪಿಗೆ ಹೋಗುವ ಡಬ್ಬಿ. ಎರಡು ಬಗೆ. ಒಂದು ಕುಟುಂಬಕ್ಕೆ. ಇನ್ನೊಂದು ವಯಸ್ಸಾದವರಿಗೆ.

ಮಕ್ಕಳಿಗೆ ಗೊಂಬೆ ಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಗೊಂಬೆ ಕೊಳ್ಳುವುದರಲ್ಲಿ ನಮಗೇ ಒಂದು ಖುಷಿ ಇದೆ. ಯಾರೋ ಮುದುಕಿಗೆ ಹೊಸ ಟೋಪಿ, ಹೊಸ ಮಫ್ಲರು, ಒಂದು ಒಳ್ಳೆ ಟೀ ಕಪ್ ಕೊಳ್ಳುವುದು ಬೇರೆ. ಅಂಗಡಿಯಲ್ಲಿ ಉಣ್ಣೆಯ ಕೈಗವಸು ಆರಿಸುವಾಗ ಬೂದು ಬಣ್ಣದ್ದು ಎತ್ತಿಕೊಂಡೆ. ವಯಸ್ಸಾದವರು ಅಂತ. ಮಗಳು ಅದನ್ನು ವಾಪಸ್ ಇಟ್ಟು ಕೆಂಪು ತಂದಳು. "ಅಜ್ಜಿಗೆ ಕೆಂಪು ಇಷ್ಟ ಅಲ್ವಾ" ಅಂದಳು. ಅವಳು ಹೇಳಿದ್ದು ತಿಪಟೂರಿನ ಅಜ್ಜಿಯ ವಿಷಯ.

ಇಷ್ಟೆಲ್ಲ ಬರೆದಮೇಲೆ ಇಲ್ಲಿನವರ ಹೊಸದರ ಹುಚ್ಚಿನ ಬಗ್ಗೆಯೂ ಹೇಳದಿದ್ದರೆ ತಪ್ಪಾಗುತ್ತದೆ. ಇವರೇನೂ ಹಳೆಯದು ಕೊಡದವರಲ್ಲ. ಪ್ರತಿ ಪೇಟೆಬೀದಿಯಲ್ಲೂ ಚಾರಿಟಿ ಅಂಗಡಿಗಳಿವೆ. ಮೂಟೆಗಟ್ಟಲೆ ಹಳೆ ಬಟ್ಟೆ ಅಲ್ಲಿ ಬೀಳುತ್ತದೆ. ಕೊಳ್ಳುವವರು ತಾವೇ ಆರಿಸಿ, ದುಡ್ಡು ಕೊಟ್ಟು ಒಯ್ಯುತ್ತಾರೆ ಅನ್ನುವುದೊಂದೇ ಹೆಚ್ಚುಗಾರಿಕೆ. ಡಬ್ಬಿ ತುಂಬುವವರೂ ಬಹಳ ಸಲ ಅಗ್ಗದ ಪ್ಲಾಸ್ಟಿಕ್ ತುಂಬುತ್ತಾರೆ, ಹೊಸದು ಅನ್ನುವುದೊಂದೇ ಅದರ ಗುಣ. ನನ್ನ ಮೊದಲ ಡಬ್ಬಿಯ ಚೆಂಡು ಮಗಳ ಕೈಯಲ್ಲಿ ಎರಡೇ ದಿನಕ್ಕೆ ಸೀಳಿತು.

ಅಮ್ಮನ ಬಗ್ಗೆಯೂ ಅರ್ಧವನ್ನೇ ಹೇಳಿದ್ದೇನೆ. ಹರಿದ ಸೀರೆ ಕೊಟ್ಟಳು, ನಿಜ. ಆದರೆ ಕೆಲಸದಾಕೆಯ ಮಗಳು ಎಸ್ಸೆಸ್ಸೆಲ್ಸಿ ಫೀಸು ಕಟ್ಟಲು ದುಡ್ಡಿಲ್ಲದೆ ಕೂತಿದ್ದಾಗ ತನ್ನ ಚೀಟಿ ದುಡ್ಡು ಎತ್ತಿ ಕೊಟ್ಟವಳೂ ಅಮ್ಮನೇ. ಅಪ್ಪನಿಗೂ ಹೇಳಲಿಲ್ಲ. ಆ ಹುಡುಗಿಯ ಚಪ್ಪಲಿ ಸೈಜು ಅಮ್ಮನಿಗೆ ಗೊತ್ತಿತ್ತು. ನನಗೆ ನನ್ನ ಡಬ್ಬಿ ಯಾವ ದೇಶಕ್ಕೆ ಹೋಗುತ್ತದೆ ಅನ್ನುವುದೂ ಸರಿಯಾಗಿ ಗೊತ್ತಿಲ್ಲ. ರಿಜಿಸ್ಟರ್‌ನಲ್ಲಿ ಟ್ರಸ್ಟಿಗಳ ಹೆಸರು ಸಿಕ್ಕಿತು. ಕೈಗವಸು ಹಾಕಿಕೊಳ್ಳುವವಳ ಹೆಸರು ಎಲ್ಲೂ ಸಿಗುವುದಿಲ್ಲ.

ಡಬ್ಬಿ ಕೊಟ್ಟು ಬಂದ ಸಂಜೆ ಊರಿಗೆ ಫೋನ್ ಮಾಡಿದೆ. ಅಲ್ಲಿ ರಾತ್ರಿ ಹತ್ತಾಗಿತ್ತು. ಅಮ್ಮ ಟಿವಿ ಸಣ್ಣ ಮಾಡಿದಳು. ಅಪ್ಪ ಹೋದಮೇಲೆ ಟಿವಿ ಆರಿಸುವುದೇ ಇಲ್ಲ ಅವಳು. ಡಬ್ಬಿಯ ಕಥೆ ಪೂರ್ತಿ ಹೇಳಿದೆ. ಅವಳಿಗೆ ಚಾರಿಟಿ ಕಮಿಷನ್ ಬೇಕಿರಲಿಲ್ಲ.

"ಯಾರಿಗೇ ಅದು?"

"ಗೊತ್ತಿಲ್ಲಮ್ಮ. ಯಾರೋ ವಯಸ್ಸಾದವರು. ಒಬ್ಬರೇ ಇರೋರು."

"ಮಕ್ಕಳಿಲ್ವಂತಾ?"

"ಇರ್ತಾರೆ. ಆ ದೇಶಗಳಲ್ಲಿ ಮಕ್ಕಳೆಲ್ಲ ದುಡಿಯೋಕೆ ಹೊರಗೆ ಹೋಗ್ಬಿಟ್ಟಿದ್ದಾರೆ."

"ಎಲ್ಲಿಗೆ?"

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ರೊಮೇನಿಯಾದ ಗಂಡ ಹೆಂಡತಿ ಇದ್ದಾರೆ. ಅವನು ಟೈಲ್ಸ್ ಹಾಕುತ್ತಾನೆ. ನಮ್ಮ ಬಚ್ಚಲುಮನೆಗೂ ಅವನೇ ಹಾಕಿದ್ದು.

"ಇಲ್ಲಿಗೇ" ಅಂದೆ.

ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಟಿವಿಯಲ್ಲಿ ಯಾರೋ ಅಳುತ್ತಿದ್ದರು. ಆಮೇಲೆ, ಆ ಕೆಂಪು ಸ್ವೆಟರ್ ಇನ್ನೂ ಇದೆಯಾ ಅಂತ ಕೇಳಿದಳು. ಕೆಲಸದಾಕೆಯ ಮೊಮ್ಮಗಳಿಗೆ ಈಗ ಆರು ತುಂಬಿದೆಯಂತೆ, ಅವಳ ಕೈ ಸ್ವಲ್ಪ ಉದ್ದ, ತೋಳು ಮಡಿಸಬೇಕಾಗುವುದಿಲ್ಲವಂತೆ.